ಏಳು ನಮೂನಿ ಫರಸಿ

ಅಕ್ಕ ಹೋದ ಮೇಲೆ ಮಾತಾಡಿಸಲು ಬಂದವರೆಲ್ಲ ನಮ್ಮ ಮುಂಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಹೋದರು. ಮಧ್ಯಾಹ್ನ ನೆರಳು ಬೀಳುವುದು ಅಲ್ಲಿ ಮಾತ್ರ. ಆ ಕಟ್ಟೆಗೆ ಹೊದಿಸಿದ ಏಳು ಫರಸಿ ಕಲ್ಲು ಒಂದರಂತೆ ಒಂದಿಲ್ಲ. ಒಂದು ನೀಲಿ, ಒಂದು ಬೂದಿ ಬಣ್ಣ, ಒಂದು ಅರಿಶಿನ ಕಲಸಿದ ಹಾಗೆ, ಒಂದರ ಮೈತುಂಬ ಕೆಂಪು ಕಲೆ, ಒಂದರ ಮೂಲೆ ಮುರಿದಿದೆ. ಗೊತ್ತಿಲ್ಲದವರಿಗೆ ಉಳಿದ ಚೂರುಗಳನ್ನು ಸೇರಿಸಿ ಕಟ್ಟಿದಂತೆ ಕಾಣುತ್ತದೆ.

ಹಾಗೆ ಕೂತವರಲ್ಲಿ ಶಹಾಬಾದದ ಒಬ್ಬ ವ್ಯಾಪಾರಿ ಇದ್ದ. ನನ್ನ ಮಗನ ವಯಸ್ಸಿನವನು. ಚಹಾ ಕುಡಿದು ಬಸಿ ಕೆಳಗಿಟ್ಟು ಕೇಳಿದ:

"ಆಯಿ, ನಿಮ್ಮ ಅಕ್ಕನವ್ರು ಓದಿಲ್ಲ ಬರದಿಲ್ಲ. ಇಷ್ಟ್ ದೊಡ್ಡ ಧಂಧೆ ಹ್ಯಾಂಗ್ ಕಟ್ಟಿದ್ರು? ಧೈರ್ಯ ಭಾಳ ಇತ್ತಲ್ಲಾ?"

ನಾನು ಹೂಂ ಅಂದೆ. ದುಃಖದ ಮನೆಯಲ್ಲಿ ವಾದ ಮಾಡುವುದು ಹೇಗೆ? ಆದರೆ ಅವತ್ತಿನಿಂದ ಅದೇ ಮಾತು ಮನಸ್ಸಿನಲ್ಲಿ ಕೂತಿದೆ. ಅಕ್ಕನಿಗೆ ಧೈರ್ಯ ಇರಲಿಲ್ಲ. ಹಲ್ಲಿಗೆ ಹೆದರುತ್ತಿದ್ದಳು. ಎಂಜಿನ್ ಸೀಟಿ ಹೊಡೆದರೆ ನನ್ನ ಸೆರಗು ಹಿಡಿಯುತ್ತಿದ್ದಳು. ಮನೆಯ ಹಿರಿಯರ ಮುಂದೆ ನಿಂತರೆ ತನ್ನ ಮಾತನ್ನು ನನ್ನ ಕಿವಿಯಲ್ಲಿ ಹೇಳಿ ನನ್ನಿಂದ ಆಡಿಸುತ್ತಿದ್ದಳು. ಅವಳಿಗೆ ಇದ್ದದ್ದು ಬೇರೆ ಏನೋ. ಅದನ್ನು ನಾನು ಹತ್ತಿರದಿಂದ ಕಂಡವಳು. ನಾನೂ ಹೋದರೆ ಹೇಳುವವರು ಇರುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಾವು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡತಿಯರು. ಅವಳು ಸುಲೇಪೇಟದ ಕಡೆಯವಳು, ಸಿಟ್ಟು ಬಂದಾಗ ಮಾತಿನಲ್ಲಿ ತೆಲುಗು ನುಗ್ಗುತ್ತಿತ್ತು. ನಾನು ಚಿತ್ತಾಪುರದವಳು. ಅಲ್ಲಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಉರ್ದು ಓದಿದ್ದೆ. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ಅಪ್ಪ ಕಲಿಸಿದ್ದ. ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಾನು ವಾಡಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ನನ್ನ ಗಂಡ ರೈಲ್ವೆಯಲ್ಲಿ ಹಳಿ ನೋಡುವ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅಕ್ಕನ ಗಂಡ ಭಾವನವರಿಗೆ ಕಲ್ಲು ತೆಗೆಯುವ ಒಂದು ಸಣ್ಣ ಖಣಿಯೂ ವಾಡಿ ರಸ್ತೆಯ ಬದಿಗೆ ಕಲ್ಲು ಪೇರಿಸುವ ಒಂದು ಅಡ್ಡಾವೂ ಇದ್ದವು. ಚಿತ್ತಾಪುರ, ಕಾಳಗಿ, ಸೇಡಂ ಕಡೆ ಮನೆ ಕಟ್ಟುವವರು ಬಂಡಿ ತಂದು ನೆಲಕ್ಕೆ ಹಾಸುವ ಫರಸಿ ಒಯ್ಯುತ್ತಿದ್ದರು. ಅಷ್ಟೇ ವ್ಯಾಪಾರ. ರೈಲಿನ ಡಬ್ಬಿ ತುಂಬಿಸಿ ದೂರದ ಊರಿಗೆ ಕಳಿಸುವವರು ಶಹಾಬಾದದ ದೊಡ್ಡವರು.

ನಾನು ಬಂದ ಎರಡನೆಯ ವರ್ಷ ಭಾವ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಅಕ್ಕನ ಮಡಿಲಲ್ಲಿ ಎರಡು ವರ್ಷದ ಮಗಳು.

ಖಣಿ, ಅಡ್ಡಾ ಎರಡೂ ಒಟ್ಟು ಮನೆತನದ ಆಸ್ತಿ. ನಮ್ಮ ಮಾವನವರು ಮೊದಲೇ ತೀರಿದ್ದರಿಂದ ಅವರ ತಮ್ಮ, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಯಜಮಾನರು. ಕೆಟ್ಟವರಲ್ಲ. ಒಕ್ಕಲುತನ ಬಿಟ್ಟು ಬೇರೆ ಗೊತ್ತಿರಲಿಲ್ಲ. ದಿನಕರ್ಮ ಮುಗಿದ ಮೇಲೆ ಒಂದು ದಿನ ಬಂದು ಅಂಗಳದಲ್ಲಿ ನಿಂತು ಹೇಳಿದರು:

"ನೋಡವ್ವಾ, ಹೆಣ್ಮಗಳು ಕಲ್ಲಿನ ಧಂಧೆ ಮಾಡಿದ್ದು ನಾ ಕೇಳಿಲ್ಲ. ಶಹಾಬಾದದವ್ರೊಬ್ಬರು ಜಾಗಾ ಕೇಳ್ಲಿಕತ್ತಾರ. ಕೊಟ್ಟುಬಿಡ್ತೀನಿ. ನಿನಗ ನಿನ್ನ ಮಗಳಿಗ ಕಾಳುಕಡಿ ನಾ ಹಾಕ್ತೀನಿ."

ಅಕ್ಕ ತಲೆಯ ಮೇಲಿನ ಸೆರಗು ಎಳೆದುಕೊಂಡು ನನ್ನ ಕಿವಿಯಲ್ಲಿ ಏನೋ ಅಂದಳು. ನಾನು ಅದನ್ನು ಗಟ್ಟಿಯಾಗಿ ಹೇಳಿದೆ:

"ಒಂದ್ ಸರ್ತಿ ಮಾಡಿ ನೋಡ್ತೀನಿ ಅಂತಾಳ್ರಿ ಕಾಕಾರ."

"ಏನ್ ಮಾಡಿ ನೋಡ್ತಾಳ? ಬಂಡಿ ಲೆಕ್ಕದ ಮಾರಾಟದಾಗ ಏನ್ ಹುಟ್ತದ? ಡಬ್ಬಿ ತುಂಬಸ್ತಾಳೇನು?" ಎಂದು ನಕ್ಕರು. ಆಮೇಲೆ ಕೂಸಿನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಆಯ್ತು. ಕಾರಹುಣ್ಣಿವಿ ತನಕ ಸುಮ್ಮನಿರ್ತೀನಿ. ಅಷ್ಟ್ರಾಗ ಒಂದ್ ಡಬ್ಬಿ ಪೂರಾ ತುಂಬಿ ಹೋಗ್ಲಿ, ಜಾಗಾ ನಿಂದು. ಇಲ್ಲಂದ್ರ ಸುಮ್ನ ಮನ್ಯಾಗ ಕುಂದ್ರಬೇಕು."

ಆಗ ಸಂಕ್ರಾಂತಿ ಕಳೆದಿತ್ತು. ಮುಂಗಾರಿನ ಎತ್ತಿನ ಹಬ್ಬ ಕಾರಹುಣ್ಣಿವೆಗೆ ಐದು ತಿಂಗಳು.

ಆ ರಾತ್ರಿ ಅಕ್ಕನಿಗೆ ನಿದ್ದೆ ಬರಲಿಲ್ಲ ಎಂದು ಮರುದಿನ ಅವಳ ಕಣ್ಣು ನೋಡಿ ತಿಳಿಯಿತು. "ಕಾಳುಕಡಿ ಹಾಕ್ತೀನಿ ಅಂದ್ರಲ್ಲ ತಂಗಿ," ಅಂದಳು. "ಕ್ವಾಳಿಗಿ ಹಾಕ್ದಂಗ."

ಭಾವನವರ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಒಂದು ಕಾರ್ಡು ಸಿಕ್ಕಿತು. ಹೈದರಾಬಾದಿನ ಒಬ್ಬ ಸೇಟ್ ಬರೆದದ್ದು, ಉರ್ದುವಿನಲ್ಲಿ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಶಹರದಲ್ಲಿ ಹೊಸ ಮನೆಗಳು ಏಳುತ್ತಿವೆ, ನಿಮ್ಮ ಕಡೆಯ ಫರಸಿ ಬೇಕು, ಮೊದಲು ನಮೂನಾ ಕಳಿಸಿ ಎಂದಿತ್ತು.

"ನಮೂನಾ ಕಳಸ್ರಿ ಅಂತ ಬರದಾನ," ಅಂದೆ.

"ನಮೂನಾ ಅಂದ್ರ?"

"ನಮೂನಿ ಅಕ್ಕಾ. ಇನ್ನೇನು?"

ನಮ್ಮ ಕಡೆ ನಮೂನಿ ಅಂದರೆ ಬಗೆ. ಹಪ್ಪಳ ನಾಲ್ಕು ನಮೂನಿ, ಸೀರೆ ಹತ್ತು ನಮೂನಿ. ಯಾರಾದರೂ ಹೆಂಗಸು ಎಲ್ಲರ ಹಾಗೆ ಇಲ್ಲದಿದ್ದರೆ 'ಅಕಿ ಒಂದ್ ನಮೂನಿ ಅದಾಳ' ಅನ್ನುತ್ತೇವೆ. ವ್ಯಾಪಾರಸ್ಥರು ನಮೂನಾ ಅಂದರೆ ಮಾಲು ತೋರಿಸಲು ಕಳಿಸುವ ಒಂದು ಒಳ್ಳೆಯ ತುಂಡು ಎನ್ನುವುದು ನನ್ನ ನಾಲ್ಕನೆಯ ಇಯತ್ತೆಯ ಪುಸ್ತಕದಲ್ಲಿ ಬಂದಿರಲಿಲ್ಲ. ತಪ್ಪು ನನ್ನದೇ.

ಅಕ್ಕ ನನ್ನನ್ನು ಕರೆದುಕೊಂಡು ಖಣಿಗೆ ಹೋಗಿ, "ನಮ್ಮ ಖಣಿಯಾಗ ಎಷ್ಟ್ ನಮೂನಿ ಬೀಳ್ತಾವ?" ಎಂದು ಕಲ್ಲು ಸೀಳುವ ಮುತ್ತ್ಯಾನನ್ನು ಕೇಳಿದಳು. ಅವನು ಭಾವನವರ ತಂದೆಯ ಕಾಲದಿಂದ ಇದ್ದವನು.

"ಎಣಿಸಿದ್ರ ಏಳು," ಅಂದ. "ಅದ್ರಾಗ ಛಲೋದು ಎರಡು. ನಡುವಿಂದು ಎರಡು. ಉಳಿದ ಮೂರು ದನದ ಕೊಟ್ಟಿಗಿಗಿ."

"ಏಳೂ ತಗೀರಿ."

ಮುತ್ತ್ಯಾ ಅವಳ ಮುಖ ನೋಡಿದ. ಆದರೆ ತೆಗೆದ. ನಮ್ಮ ಕಲ್ಲು ಪದರ ಪದರವಾಗಿ ಕೂತಿರುತ್ತದೆ. ಸರಿಯಾದ ಗೆರೆಗೆ ಉಳಿ ಇಟ್ಟರೆ ಪುಸ್ತಕದ ಹಾಳೆಯ ಹಾಗೆ ಬಿಡಿಸಿಕೊಳ್ಳುತ್ತದೆ. ಅಕ್ಕ ಒಂದೊಂದು ಕಲ್ಲನ್ನೂ ಎರಡು ಹಾಳೆಯಾಗಿ ಸೀಳಿಸಿದಳು. ಒಂದು ಸೇಟನಿಗೆ, ಅದರ ಜೋಡಿ ಅಡ್ಡಾದಲ್ಲಿ ನಮಗೆ. "ಅವ ಅಲ್ಲಿ ಯಾವ್ದು ನೋಡ್ತಾನೋ ನಾವ್ ಇಲ್ಲಿ ಅದನ್ನೇ ನೋಡ್ಬೇಕಲ್ಲ," ಅಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವಳಿಗೆ ಹಾಗೆ ಹೊಳೆಯಿತು.

ಆಮೇಲೆ ನನ್ನ ಕೈಗೆ ಡಾಂಬರು ಹತ್ತಿದ ಕಡ್ಡಿ ಕೊಟ್ಟು ಬರೆಸಿದಳು. ಅವಳು ಹೇಳಿದ್ದನ್ನು ನಾನು ನನಗೆ ತಿಳಿದ ಉರ್ದುವಿನಲ್ಲಿ ಕಲ್ಲಿನ ಮೇಲೆ ಬರೆದೆ. ನೀಲಿ ಕಲ್ಲಿಗೆ: ಇದು ಮಕ್ಕಳ ಕಾಲಕ್ಕೂ ಬಾಳುತ್ತದೆ. ಹಳದಿಗೆ: ನೋಡಲು ಚೆಂದ, ನೀರು ಕುಡಿಯುತ್ತದೆ, ಬಚ್ಚಲಿಗೆ ಬೇಡ. ಕಲೆಯದಕ್ಕೆ: ತೊಳೆದರೂ ಕೆಂಪು ಹೋಗುವುದಿಲ್ಲ. ಮೂಲೆ ಮುರಿದದ್ದಕ್ಕೆ: ಇದು ಎರಡು ಬೇಸಿಗೆ ಕಂಡರೆ ಹೆಚ್ಚು, ದನಕ್ಕೆ ಸಾಕು.

ಜೋಳದ ಕಣಿಕೆ ಸುತ್ತಿ, ಗೋಣಿ ಹೊಲಿದು, ಬಂಡಿಯಲ್ಲಿ ವಾಡಿ ಸ್ಟೇಷನ್ನಿಗೆ ಒಯ್ದೆವು. ಒಳಗೇನಿದೆ ಎಂದು ಪಾರ್ಸಲ್ ಬಾಬು ಗೋಣಿ ಬಿಚ್ಚಿಸಿದ. ಮೊದಲ ಕಲ್ಲು ಓದಿದ, ಎರಡನೆಯದು ಓದಿದ, ಆಮೇಲೆ ಮೇಜಿನ ಹಿಂದಿನಿಂದ ಎದ್ದು ಹೊರಗಿನವರನ್ನೂ ಕರೆದ. "ಬರ್ರಿ, ಬರ್ರಿ! ಕಲ್ಲು ತನ್ನ ಜಾತಕ ತಾನೇ ಹೇಳ್ಲಿಕತ್ತದ!"

ಅಕ್ಕ ಕಂಬದ ಮರೆಗೆ ಸರಿದು ನಿಂತಳು. "ನಕ್ರ ನಗ್ಲಿ, ಚೀಟಿ ಇಸ್ಕೋ," ಎಂದು ನನ್ನನ್ನು ನೂಕಿದಳು.

ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಸಂಜೆ ಕಾಕಾ ಬಂದರು. "ಏನವ್ವಾ, ಕೂಸಿಗಿ ವರ ನೋಡ್ಲಿಕ್ಕಿ ಹೋದಾಗ ಅದ್ರ ಮೈಯಾಗಿನ ರೋಗ ಹೇಳಿ ಬರ್ತೀಯೇನು? ನಮೂನಾ ಅಂದ್ರ ಇದ್ದದ್ರಾಗ ಛಲೋದು ಒಂದು ಕಳಸೋದು. ಇಡೀ ಶಹಾಬಾದಕ್ಕ ಗೊತ್ತದ, ನಿನಗ ಗೊತ್ತಿಲ್ಲ. ನೀ ಖರೇನೇ ಒಂದ್ ನಮೂನಿ ಇದ್ದೀ ನೋಡು."

ಆಗಲೇ ನನಗೆ ಆ ಶಬ್ದದ ಅರ್ಥ ಆದದ್ದು. ಒಳಗೆ ಹೋಗಿ ಅತ್ತೆ. ಅಕ್ಕ ಬಂದು ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. "ಕಳಸಿದ್ದು ಸುಳ್ಳಲ್ಲಲ್ಲ," ಅಂದಳು. "ಉಣ್ಣು."

ಒಂದು ತಿಂಗಳು ಕಾಗದ ಬರಲಿಲ್ಲ. ಊರ ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ, "ಇವತ್ತ ಯಾವ ಕಲ್ಲಿನ ಜಾತಕ ಬರದಿ?" ಅನ್ನುತ್ತಿದ್ದರು. ಯುಗಾದಿ ಬಂತು, ಹೋಯಿತು. ಅಕ್ಕ ಮಾತ್ರ ದಿನಾ ಬೆಳಿಗ್ಗೆ ಕೂಸನ್ನು ನನ್ನ ಹತ್ತಿರ ಬಿಟ್ಟು ಅಡ್ಡಾಕ್ಕೆ ಹೋಗುತ್ತಿದ್ದಳು. ಅವಳು ಅಲ್ಲಿ ಮಾಡುತ್ತಿದ್ದ ಕೆಲಸ ನೋಡಿದವರಿಗೆ ಹುಚ್ಚಿನಂತೆ ಕಾಣುತ್ತಿತ್ತು. ನಿಲ್ಲಿಸಿದ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಿದ್ದಳು. ಒಳಗೆ ಬಿರುಕಿಲ್ಲದ ಕಲ್ಲು ಕಂಚಿನ ತಟ್ಟೆಯ ಹಾಗೆ ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಹಸಿ ಮಡಿಕೆ ಬಡಿದಂತೆ ಬೊದ್ದ ಸಪ್ಪಳ. ಇದು ಮುತ್ತ್ಯಾನಿಗೆ ಗೊತ್ತಿದ್ದ ವಿದ್ಯೆ. ಆದರೆ ಅವನು ಅನುಮಾನ ಬಂದದ್ದನ್ನು ಮಾತ್ರ ಬಡಿಯುತ್ತಿದ್ದ. ಅಕ್ಕ ಎಲ್ಲವನ್ನೂ ಬಡಿದಳು. ಬೊದ್ದ ಅಂದದ್ದನ್ನು ಬೇವಿನ ಗಿಡದ ಕೆಳಗೆ ಬೇರೆ ಇಡಿಸಿದಳು. ಬೆರಳಿನ ಗೆಣ್ಣು ಊದಿಕೊಂಡು ರೊಟ್ಟಿ ತಟ್ಟಲು ಬಾರದಂತೆ ಆಯಿತು. ಆ ತಿಂಗಳು ರೊಟ್ಟಿ ನಾನೇ ತಟ್ಟಿದೆ.

ಒಂದು ಮಧ್ಯಾಹ್ನ, ಬಿಸಿಲು ಕಣ್ಣು ಬಿಡಿಸದ ಹೊತ್ತಿನಲ್ಲಿ, ಟಾಂಗಾ ಬಂದು ಅಡ್ಡಾದ ಮುಂದೆ ನಿಂತಿತು. ಶೇರ್ವಾನಿ ತೊಟ್ಟ ದಪ್ಪ ಮನುಷ್ಯ ಇಳಿದ. ಕೈಯಲ್ಲಿ ನಾವು ಹೊಲಿದು ಕಳಿಸಿದ ಗೋಣಿಯ ತುಂಡು. ಹೈದರಾಬಾದಿನ ಸೇಟ್.

"ಅರೇ ಅಮ್ಮಾ," ಅಂದ, ಅವನಿಗೆ ಬರುವ ಕನ್ನಡದಲ್ಲಿ. "ನಾನು ನಮೂನಾ ಒಂದು ಕೇಳಿದ್ದು. ನೀವು ಪೂರಾ ಖಾನದಾನ ಕಳಿಸಿಬಿಟ್ರಿ!"

ಮುತ್ತ್ಯಾ ಬಾಯಿಗೆ ರುಮಾಲು ಅಡ್ಡ ಹಿಡಿದ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ಅಕ್ಕ ನನ್ನ ಹಿಂದೆ ನಿಂತಿದ್ದಳು. ಈ ಸಲ ನನ್ನ ಕಿವಿಯಲ್ಲಿ ಹೇಳಲಿಲ್ಲ. ತಾನೇ ಅಂದಳು, ಧ್ವನಿ ಸಣ್ಣದಿತ್ತು:

"ಮಾಲು ಬರೂ ಮುಂದ ಖಾನದಾನ ಸಮೇತನ ಬರ್ತದ್ರಿ ಸೇಟ. ಮೊದಲೇ ಗುರ್ತ ಇದ್ರ ಛಲೋ."

ಸೇಟ್ ಅವಳನ್ನು ನೋಡಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. ಮುತ್ತ್ಯಾ ತಂದಿಟ್ಟ ನೀರು ಕುಡಿದು, ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಹೇಳಿದ: "ಇಪ್ಪತ್ತು ವರ್ಷ ಫರಸಿ ತಗೊಂಡೀನಿ. ಎಲ್ಲರೂ ಚಾಂದ್ ತೋರಿಸಿ ಪತ್ಥರ್ ಕಳಸ್ತಾರ. ಕೆಟ್ಟದ್ದಕ್ಕ ಕೆಟ್ಟದ್ದು ಅಂತ ಬರೆದವರು ಯಾರು ಅಂತ ನೋಡಲಿಕ್ಕೆ ಬಂದೆ." ಸೀಳಿದ ಕಲ್ಲಿನ ಜೋಡಿ ಹಾಳೆಗಳನ್ನು ಅಕ್ಕ ತೋರಿಸಿದಾಗ ಅವನು ನಗುವುದನ್ನು ಬಿಟ್ಟ. ಬೆರಳಿನಿಂದ ನೀಲಿ ಕಲ್ಲು ಸವರಿ, "ಇದೇ ಒಂದು ಡಬ್ಬಿ. ಎರಡು ಫೂಟಿನ ಮಾಪು. ಮಳೆಗಿಂತ ಮೊದಲು," ಅಂದ.

ಅವನು ಹೋದ ಮೇಲೆ ಅಕ್ಕ ಹೋಗಿ ಬೇವಿನ ಗಿಡದ ಬುಡದಲ್ಲಿ ಕೂತುಬಿಟ್ಟಳು. "ಕಾಲಾಗ ಶಕ್ತಿ ಇಲ್ಲ ತಂಗಿ," ಅಂದಳು. ಅದಕ್ಕೇ ಹೇಳುವುದು ನಾನು, ಧೈರ್ಯ ಅಲ್ಲ ಎಂದು.

ಖಣಿಯಲ್ಲಿ ಹಗಲೆಲ್ಲ ಕೆಲಸ ನಡೆಯಿತು. ಮುತ್ತ್ಯಾನ ಜೊತೆಗೆ ಅವನ ಅಳಿಯಂದಿರು ಬಂದರು. ಕಾರಹುಣ್ಣಿವೆಗೆ ಎರಡು ದಿನ ಇದೆ ಎನ್ನುವಾಗ ವಾಡಿಯಲ್ಲಿ ಡಬ್ಬಿ ಸಿಕ್ಕಿತು. ಬಂಡಿಗಳು ಬೆಳಿಗ್ಗೆಯಿಂದ ಓಡಾಡಿದವು. ಫರಸಿಯನ್ನು ಮಲಗಿಸಿ ಒಯ್ದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಬೇಕು, ನಡುವೆ ಕಣಿಕೆ ತುರುಕಬೇಕು. ಅಕ್ಕ ಡಬ್ಬಿಯ ಬಾಗಿಲಲ್ಲಿ ಕೂತು, ಒಳಗೆ ಹೋಗುವ ಒಂದೊಂದು ಕಲ್ಲನ್ನೂ ಇನ್ನೊಮ್ಮೆ ಬಡಿಯುತ್ತಿದ್ದಳು. ಎಂಜಿನ್ನಿಗೆ ಹೆದರುವವಳು ಅವತ್ತು ಪಕ್ಕದ ಹಳಿಯಲ್ಲಿ ಎಂಜಿನ್ ಹೋದದ್ದನ್ನೂ ಗಮನಿಸಲಿಲ್ಲ.

ಮಧ್ಯಾಹ್ನದ ಮೇಲಿನ ಬಂಡಿಗಳ ಕಲ್ಲು ಬೊದ್ದ ಅನ್ನತೊಡಗಿದವು. ಒಂದಲ್ಲ, ಎರಡಲ್ಲ. ಹೊಸದಾಗಿ ತೆಗೆದ ಪದರದ ಕಲ್ಲುಗಳವು. ಅವಸರದಲ್ಲಿ ಹಾರೆ ಹಾಕಿ ಎಬ್ಬಿಸುವಾಗ ಒಳಗೆ ಪೆಟ್ಟು ತಿಂದಿದ್ದವು. ಮೇಲೆ ನೋಡಿದರೆ ಕನ್ನಡಿಯ ಹಾಗೆ. ಅಕ್ಕ ಬಡಿದು ಬಡಿದು ಬದಿಗೆ ಇಡಿಸಿದಳು. ಸಂಜೆಯಾದಾಗ ಡಬ್ಬಿಯ ಮುಕ್ಕಾಲು ಮಾತ್ರ ತುಂಬಿತ್ತು. ಹೊರಗೆ ನೆಲದ ಮೇಲೆ ಬೊದ್ದ ಕಲ್ಲುಗಳ ಒಂದು ಸಾಲು.

ಕಾಕಾ ಅಷ್ಟು ಹೊತ್ತಿಗೆ ಬಂದರು. ನಿಂತು ನೋಡಿದರು.

"ಯಾಕ್ ನಿಂದ್ರಸೀರಿ? ಇನ್ನ ಜಾಗಾ ಅದಲ್ಲ."

"ಇವು ಬೊದ್ದ ಅವ್ರಿ," ಅಂದ ಮುತ್ತ್ಯಾ.

"ಬೊದ್ದ ಅಂತ ಹೈದರಾಬಾದಿನಾಗ ಯಾರ್ ಬಡದು ನೋಡ್ತಾರೋ? ನಡುವ ಹಾಕ್ರಿ, ಎರಡೂ ಕಡೆ ಛಲೋವು ಹಾಕ್ರಿ. ಎಲ್ಲರೂ ಮಾಡೋದು ಅದೇ." ಅಕ್ಕನ ಕಡೆ ತಿರುಗಿದರು. "ಪೂರಾ ಡಬ್ಬಿ ಅಂದಿದ್ದೆ ನಾ. ಮುಕ್ಕಾಲು ಅಲ್ಲ. ನೆನಪದ ಇಲ್ಲ?"

ಅಕ್ಕ ಡಬ್ಬಿಯಿಂದ ಇಳಿದಳು. ಅವಳ ಸೆರಗು ಧೂಳಿನಿಂದ ಬಿಳಿಯಾಗಿತ್ತು. ಕಣ್ಣಲ್ಲಿ ನೀರು ನಿಂತಿತ್ತು. ಆ ಹೊತ್ತಿನಲ್ಲಿ ನನ್ನನ್ನು ಕೇಳಿದ್ದರೆ ನಾನು ನಡುವೆ ಹಾಕಿರಿ ಅನ್ನುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

"ಕಾಕಾರ," ಅಂದಳು. "ಸ್ವಲ್ಪ ಕಣ್ಣ ಮುಚ್ಚಿ ನಿಂದ್ರತೀರೇನು?"

"ಏನ್ ಹುಡುಗಾಟಾ ಇದು?"

"ಒಂದ್ ಗಳಿಗಿ ರೀ."

ಕಾಕಾ ಬೈಯುತ್ತಲೇ ಕಣ್ಣು ಮುಚ್ಚಿದರು. ಅಕ್ಕ ಒಂದು ಕಲ್ಲನ್ನು ಬಡಿದಳು. ಆಮೇಲೆ ಇನ್ನೊಂದನ್ನು. ಮತ್ತೆ ಮೊದಲಿನದು, ಮತ್ತೆ ಎರಡನೆಯದು. ಅವರು ಮೊದಲು ತಲೆ ಅಲ್ಲಾಡಿಸಿದರು. ನಾಲ್ಕನೆಯ ಸಲಕ್ಕೆ ಅವರ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದರು. ಅಕ್ಕ ಇನ್ನೊಮ್ಮೆ ಬಡಿದಳು.

"ಕೇಳಸ್ತು," ಅಂದರು ಕಾಕಾ.

"ನನಗ ದಿನಾ ಕೇಳಸ್ತದ್ರಿ," ಅಂದಳು ಅಕ್ಕ. "ಕೇಳಿಸಿದ ಮ್ಯಾಲ ನಡುವ ಹಾಕ್ಲಿಕ್ಕಿ ಬರಂಗಿಲ್ಲ. ಜಾಗಾ ಯಾರಿಗಿ ಬೇಕೋ ಕೊಡ್ರಿ. ಡಬ್ಬಿ ಹಿಂಗೇ ಹೋಗ್ತದ."

ನಾನು ಪಾರ್ಸಲ್ ಬಾಬುವಿನ ಶಾಯಿಯಿಂದ ಸೇಟನಿಗೆ ಒಂದು ಕಾಗದ ಬರೆದೆ: ಮುಕ್ಕಾಲು ಡಬ್ಬಿ ಕಳಿಸಿದೆ, ಉಳಿದದ್ದು ನುಡಿಯಲಿಲ್ಲ. ಅಷ್ಟೇ. ಬಾಗಿಲು ಹಾಕಿದರು. ಕಾಕಾ ಊರಿನ ಕಡೆ ನಡೆದುಹೋದರು. ನಾವು ಖಾಲಿ ಬಂಡಿಯಲ್ಲಿ ಮನೆಗೆ ಬಂದೆವು. ಅಕ್ಕ ದಾರಿಯುದ್ದಕ್ಕೂ ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು.

ಕಾರಹುಣ್ಣಿವೆಯ ದಿನ ಊರೆಲ್ಲ ಎತ್ತು ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿತ್ತು. ಅಕ್ಕ ಅಡ್ಡಾಕ್ಕೆ ಹೋಗಲಿಲ್ಲ. ಮನೆಯಲ್ಲಿ ಕೂತು ಭಾವನವರ ಉಳಿ ಸುತ್ತಿಗೆಗಳನ್ನು ಎಣ್ಣೆ ಹಚ್ಚಿ ಒರೆಸಿ ಗಂಟು ಕಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಂಡಿಯ ಸಪ್ಪಳ ಆಯಿತು. ಕಾಕಾನ ಬಂಡಿ, ಎತ್ತಿನ ಕೊಂಬಿನ ಬಣ್ಣ ಇನ್ನೂ ಹಸಿ. ಬಂಡಿಯ ತುಂಬ ಫರಸಿ, ಅವರ ಹೊಲದ ಒಡ್ಡಿನಲ್ಲಿ ಎದ್ದದ್ದು. ನಿಲ್ಲಿಸಿ ಕಟ್ಟಿದ್ದರು, ನಡುವೆ ಕಣಿಕೆ ತುರುಕಿದ್ದರು. ಬಂಡಿ ಹೊಡೆಯುವವನು ಹೇಳಿದ:

"ಇವನ್ನ ಬಡದು ನೋಡಬೇಕಂತ್ರಿ ಅಕ್ಕಾರ. ನುಡೀತಾವೋ ಇಲ್ಲೋ ಹೇಳಬೇಕಂತ. ನುಡದ್ರ ಉಳಿದ ಕಾಲು ಡಬ್ಬಿ ತುಂಬಸ್ಲಿಕ್ಕಿ ಇಟ್ಕೋ ಅಂದಾರ."

ಅಕ್ಕ ಕಟ್ಟಿದ ಗಂಟನ್ನು ಬಿಚ್ಚಿದಳು.

ಸೇಟನ ಕಾಗದ ಎಂಟು ದಿನಕ್ಕೆ ಬಂತು. ಉಳಿದದ್ದು ನುಡಿದಾಗ ಕಳಿಸಿ, ಅವಸರವಿಲ್ಲ ಎಂದಿತ್ತು. ಮೂಲೆ ಮುರಿದ ನಮೂನೆಯದೂ ಇರಲಿ, ತನ್ನ ಕುದುರೆ ಲಾಯಕ್ಕೆ ಬೇಕು ಎಂದು ಕೆಳಗೆ ಸೇರಿಸಿದ್ದ. ಬೇವಿನ ಗಿಡದ ಕೆಳಗಿನ ಕಲ್ಲುಗಳೂ ಹಾಗೆ ಹೆಸರು ಹೇಳಿಕೊಂಡೇ ಹೋದವು. ನಮ್ಮ ಸೀಮೆ ಹೈದರಾಬಾದಿನಿಂದ ಬೇರೆಯಾಗಿ ಮೈಸೂರಿಗೆ ಸೇರುವ ಹೊತ್ತಿಗೆ ಶಹಾಬಾದದಲ್ಲೂ ಸೇಡಂದಲ್ಲೂ ಅಕ್ಕನ ಅಡ್ಡಾ ಇದ್ದವು. ಹೋದಲ್ಲೆಲ್ಲ ಬಾಗಿಲ ಮುಂದೆ ಏಳು ಕಲ್ಲು, ಏಳಕ್ಕೂ ಬರಹ. ಚಿಂಚೋಳಿಯಿಂದ ಬಂದ ಗಿರಾಕಿಗಳು, "ಆ ಒಂದ್ ನಮೂನಿ ಹೆಂಗಸಿನ ಅಡ್ಡಾ ಎಲ್ಲದ?" ಎಂದೇ ದಾರಿ ಕೇಳುತ್ತಿದ್ದರಂತೆ. ಆ ಮಾತನ್ನು ಅಕ್ಕ ನಗುತ್ತ ನನಗೆ ಹೇಳುತ್ತಿದ್ದಳು. ಆ ವರ್ಷ ನಾನು ಡಾಂಬರಿನ ಕಡ್ಡಿ ಹಿಡಿದು ಕಲ್ಲುಗಳ ಮೇಲೆ ಮೊದಲ ಸಲ ಕನ್ನಡದಲ್ಲಿ ಬರೆದೆ. ಅಕ್ಕ ಪಕ್ಕದಲ್ಲಿ ಕೂತು ನೋಡಿ, "ಇದರಾಗ ಯಾವುದು 'ಕೆಟ್ಟದ್ದು' ಅನ್ನೋ ಅಕ್ಷರ? ಅದನ್ನ ನನಗ ಮೊದಲು ಕಲಸು," ಅಂದಳು.

ಆ ವ್ಯಾಪಾರಿಗೆ ನಾನು ಇದನ್ನೆಲ್ಲ ಹೇಳಬಹುದಿತ್ತು. ಅವನು ಕೂತದ್ದು ದನದ ಕೊಟ್ಟಿಗೆಯ ಕಲ್ಲಿನ ಮೇಲೆ. ಎರಡು ಬೇಸಿಗೆಯ ಕಲ್ಲು ಎಂದು ನಾನೇ ಬರೆದದ್ದು. ಅಡ್ಡಾದಲ್ಲಿ ಇಟ್ಟುಕೊಂಡ ನಮ್ಮ ಪಾಲಿನ ಏಳು ಹಾಳೆಗಳನ್ನೇ ಆಮೇಲೆ ಈ ಕಟ್ಟೆಗೆ ಹೊದಿಸಿದ್ದು; ಆ ಕಲ್ಲು ಇನ್ನೂ ಇದೆ. ಅದೊಂದರಲ್ಲಿ ಅಕ್ಕನ ಲೆಕ್ಕ ತಪ್ಪಿತು.

ಮೊನ್ನೆ ಅಕ್ಕನ ಸಮಾಧಿಗೆ ಹಾಸಲು ಅವಳ ಮಗಳು ಕಲ್ಲು ತರಿಸಿದಳು. ನೀಲಿ ಫರಸಿ, ಎರಡು ಫೂಟಿನವು. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ, ಆದರೆ ನಿಲ್ಲಿಸಿಯೇ ತಂದು ಅಡ್ಡಾದಲ್ಲಿ ಇಳಿಸಿದ್ದರು. ನಾನು ಕುಕ್ಕರಗಾಲಲ್ಲಿ ಕೂರಲಾರೆ, ಸ್ಟೂಲ್ ಹಾಕಿಸಿಕೊಂಡು ಒಂದೊಂದನ್ನೇ ಬಡಿದೆ. ನನ್ನ ಕಿವಿ ಈಗ ಮಂದ. ಏನೂ ತಿಳಿಯಲಿಲ್ಲ. ಮತ್ತೆ ಬಡಿದೆ.

"ಬಿಡು ಚಿಗವ್ವಾ, ನಾ ನೋಡ್ತೀನಿ," ಎಂದು ಅವಳು ನನ್ನ ಪಕ್ಕ ಕೂತು ಕಣ್ಣು ಮುಚ್ಚಿದಳು. ನಾನು ಬಡಿಯುತ್ತ ಹೋದೆ. ಮೂರನೆಯ ಕಲ್ಲಿಗೆ ನನ್ನ ಕೈ ಹಿಡಿದಳು.

"ಇದು ಬ್ಯಾಡ," ಅಂದಳು.

ಅದನ್ನು ಬೇವಿನ ಗಿಡದ ಕೆಳಗೆ ಇಡಿಸಿದೆವು.